ತಮ್ಮನ ಹೆಸರಿನ ಎದುರು ಬರೆದ ಅಕ್ಷರ

ಬಂಟ್ವಾಳ ಪೇಟೆಯ ಒಂದು ಅಕ್ಕಿ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಬಸ್ ಕಂಪೆನಿಯ ಆಫೀಸು ಇತ್ತು. ಮರದ ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ ಧಣಿಗಳ ಮೇಜು, ಬಲಕ್ಕೆ ಕಿಟಕಿಯ ಹತ್ತಿರ ನನ್ನದು. ಕೆಳಗಿನ ಅಕ್ಕಿಯ ಧೂಳು ಹಲಗೆಯ ಸಂದಿಗಳಿಂದ ಮೇಲೆ ಬಂದು ಎಲ್ಲ ಪುಸ್ತಕಗಳ ಮೇಲೂ ಕೂರುತ್ತಿತ್ತು. ಬರೆಯುವ ಮೊದಲು ಪುಟವನ್ನು ಅಂಗೈಯಿಂದ ಒಮ್ಮೆ ಒರೆಸದಿದ್ದರೆ ಶಾಯಿ ಹರಡುತ್ತಿತ್ತು. ಆ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಕಾಗದವನ್ನೂ ಒರೆಸಿಯೇ ಬರೆಯಲು ಕೂತಿದ್ದೇನೆ.

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಅಕ್ಷರ ದುಂಡಗಿತ್ತು, ಕೂಡಿಸಿ ಕಳೆಯುವುದು ಬರುತ್ತಿತ್ತು. ಅಷ್ಟರ ಬಲದ ಮೇಲೆ ಐವತ್ತರ ದಶಕದ ಮೊದಲಿಗೆ ಆ ಕಂಪೆನಿಗೆ ಹಿರಿಯ ರೈಟರ ಕೈಕೆಳಗೆ ಸೇರಿದೆ. ಅವರಿಗೆ ಕಣ್ಣು ಮಂಜಾಗಿ ಮನೆಯಲ್ಲಿ ಕೂತ ಮೇಲೆ ನಾನೇ ರೈಟರನಾದೆ. ನನ್ನ ಮುಖ್ಯ ಕೆಲಸ ಸಂಬಳದ ಪುಸ್ತಕ. ಡ್ರೈವರು, ಕಂಡಕ್ಟರು, ಕ್ಲೀನರು, ಗ್ಯಾರೇಜಿನವರು, ಎಲ್ಲರ ಹೆಸರೂ ಅದರಲ್ಲಿತ್ತು. ಹೊಸದಾಗಿ ಯಾರು ಸೇರಿದರೂ ಅವರ ಸಾಲನ್ನು ಬರೆಯುವವನು ನಾನು. ಒಮ್ಮೆ ಬರೆದ ಸಾಲು ಪ್ರತಿ ತಿಂಗಳೂ ಹಾಗೆಯೇ ಮುಂದಿನ ಪುಟಕ್ಕೆ ಇಳಿಯುತ್ತಿತ್ತು. ಮೊದಲ ದಿನ ತಪ್ಪು ಬರೆದರೆ ಆ ತಪ್ಪೂ ಅದರೊಟ್ಟಿಗೆ ಇಳಿಯುತ್ತಿತ್ತು.

ನಮ್ಮ ಬಸ್ಸುಗಳು ಓಡುತ್ತಿದ್ದದ್ದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಈ ಮೂರು ಊರುಗಳ ನಡುವೆ. ಕಡೆಯ ಟ್ರಿಪ್ಪು ಮುಗಿಸಿ ಕೆಲವು ಬಸ್ಸುಗಳು ಇಲ್ಲಿ ನಿಲ್ಲುತ್ತಿದ್ದವು, ಕೆಲವು ಅಲ್ಲಿ. ಬಸ್ಸಿನ ಜನರೂ ಬಸ್ಸು ನಿಲ್ಲುವ ಊರಿನಲ್ಲೇ ಕೋಣೆ ಹಿಡಿದುಕೊಂಡಿರುತ್ತಿದ್ದರು. ನಮ್ಮ ಜಿಲ್ಲೆ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಪ್ರತಿ ಊರಿನ ಪಂಚಾಯತಿಯೂ ಅಲ್ಲಿ ಇದ್ದು ಸಂಪಾದಿಸುವವರಿಂದ ಆರು ತಿಂಗಳಿಗೊಮ್ಮೆ ಕಸುಬಿನ ತೆರಿಗೆ ವಸೂಲು ಮಾಡುತ್ತಿತ್ತು. ಅದು ದೊಡ್ಡ ಮೊತ್ತವೇನೂ ಅಲ್ಲ. ಆದರೆ ಕಟ್ಟದಿದ್ದರೆ ಬಿಲ್ ಕಲೆಕ್ಟರು ಹುಡುಕಿಕೊಂಡು ಬರುತ್ತಿದ್ದರು. ನಾನು ಸೇರುವ ಮೊದಲು ಒಬ್ಬ ಕಂಡಕ್ಟರನನ್ನು ಹುಡುಕಿ ಬಂದವರು ಜನ ತುಂಬಿದ ಬಸ್ಸನ್ನು ಕಾಲು ಗಂಟೆ ನಿಲ್ಲಿಸಿಬಿಟ್ಟಿದ್ದರಂತೆ. ಧಣಿಗಳಿಗೆ ಅದು ದೊಡ್ಡ ಅವಮಾನವಾಗಿ ಕಂಡಿತು. ಅಂದಿನಿಂದ ಕಂಪೆನಿಯೇ ಸಂಬಳದಲ್ಲಿ ತೆರಿಗೆ ಹಿಡಿದು ಪಂಚಾಯತಿಗೆ ಕಟ್ಟುವ ಕ್ರಮ ಬಂತು. ಅದರೊಟ್ಟಿಗೆ ಧಣಿಗಳ ಇನ್ನೊಂದು ಮಾತೂ ಬಂತು: ಬಿಲ್ ಕಲೆಕ್ಟರು ಹುಡುಕಿಕೊಂಡು ಬರುವಂಥವ ನಮ್ಮ ಕಂಪೆನಿಗೆ ಬೇಡ.

ಹಾಗಾಗಿ ಸಂಬಳದ ಪುಸ್ತಕದಲ್ಲಿ ಪ್ರತಿ ಹೆಸರಿನ ಎದುರು ಒಂದು ಅಕ್ಷರ ಬರೆಯುತ್ತಿದ್ದೆವು. ಬಸ್ಸು ನಿಲ್ಲುವುದು ಬಂಟ್ವಾಳದಲ್ಲಾದರೆ ‘ಬಂ’, ಬೆಳ್ತಂಗಡಿಯಲ್ಲಾದರೆ ‘ಬೆ’, ಮೂಡಬಿದ್ರೆಯಲ್ಲಾದರೆ ‘ಮೂ’. ಹೊಸಬ ಆ ಅರ್ಧ ವರ್ಷದ ತೆರಿಗೆಯನ್ನು ಮೊದಲು ಕೆಲಸ ಮಾಡಿದ ಊರಿನಲ್ಲಿ ಕಟ್ಟಿ ರಶೀದಿ ತಂದಿದ್ದರೆ ಅಕ್ಷರದ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು. ಸುತ್ತು ಇದ್ದವನಿಂದ ಆ ಅರ್ಧ ವರ್ಷ ಏನೂ ಹಿಡಿಯಬಾರದು, ರಶೀದಿಯನ್ನು ಅವನ ಊರಿನ ಪಂಚಾಯತಿಗೆ ತೋರಿಸಿ ತರಬೇಕು. ಇಷ್ಟೇ.

ಇಷ್ಟೇ ಎನ್ನುತ್ತೇನೆ, ಆದರೆ ಹಿರಿಯ ರೈಟರು ಇದನ್ನು ನನಗೆ ಪೂಜೆಯ ಕ್ರಮ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದರು. “ಹೊಸಬನನ್ನು ಎದುರು ನಿಲ್ಲಿಸಿಕೋ. ಬೇರೆಯವರು ಹೇಳಿದ್ದನ್ನು ಬರೆಯಬೇಡ. ರಶೀದಿ ಉಂಟಾ ಅಂತ ಕೇಳು, ಉಂಟು ಅಂದರೆ ಕೈಯಲ್ಲಿ ಹಿಡಿದು ನೋಡು. ಗುರುತಿನವನಾದರೆ ಎರಡು ಸಲ ಕೇಳು, ಯಾಕೆಂದರೆ ಗುರುತಿನವನ ಹತ್ತಿರ ನಾವು ಕೇಳುವುದೇ ಇಲ್ಲ. ಬರೆದಾದ ಮೇಲೆ ಸಾಲನ್ನು ದೊಡ್ಡದಾಗಿ ಓದಿ ಹೇಳು. ಅವ ಹೌದು ಅಂದ ಮೇಲೆ ಕೊನೆಯಲ್ಲಿ ಒಂದು ಗೀಟು ಹಾಕು. ಹೌದು ಅನ್ನುವ ಮೊದಲು ಗೀಟು ಹಾಕಿದರೆ ನಿನ್ನ ಕೈ ಮುರಿಯುತ್ತೇನೆ.”

ನಾನು ಹಾಗೆಯೇ ಮಾಡಿದೆ. ಒಮ್ಮೆ ಹೊಸದಾಗಿ ಸೇರಿದ ಬ್ಯಾರಿ ಡ್ರೈವರೊಬ್ಬರನ್ನು ಎದುರು ನಿಲ್ಲಿಸಿ, “ನಿಮ್ಮ ಬಸ್ಸು ಮಲಗುವುದು ಎಲ್ಲಿ?” ಎಂದು ಕೇಳಿದೆ.

“ಬಸ್ಸು ಮಲಗುವುದು ಮೂಡಬಿದ್ರೆಯಲ್ಲಿ ರೈಟರೇ, ನಾನು ಮಲಗುವುದು ಬಸ್ಸಿನಲ್ಲಿ. ಈಗ ಹೇಳಿ, ನಾನು ಯಾವ ಊರಿನವ?”

“ಮೂಡಬಿದ್ರೆ.”

“ಹಾಗಾದರೆ ನನ್ನ ಹೆಂಡತಿಗೆ ಒಂದು ಕಾಗದ ಬರೆದುಕೊಡಿ ಮಾರಾಯ್ರೆ. ಅವಳು ನಂಬುವುದಿಲ್ಲ.”

ಧಣಿಗಳು ಕೂಡ ನಕ್ಕರು. ನನ್ನ ಸಾಲು ತಪ್ಪುವುದಿಲ್ಲ ಎಂದು ಆಫೀಸಿನಲ್ಲಿ ಹೆಸರಾಗಿತ್ತು. ನನ್ನಲ್ಲಿ ಇದ್ದ ಹೆಸರು ಅದೊಂದೇ.

ತಮ್ಮ ನನಗಿಂತ ಐದು ವರ್ಷ ಚಿಕ್ಕವ. ಅಪ್ಪ ಹಂಚಿನ ಕಾರ್ಖಾನೆಯ ದೋಣಿಯಲ್ಲಿ ಕೆಲಸಕ್ಕಿದ್ದವರು, ನಾನು ಐದನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ತೀರಿಕೊಂಡರು. ಮೂಡಬಿದ್ರೆಯಿಂದ ಸೋದರಮಾವ ಬಂದು ಜಗಲಿಯಲ್ಲಿ ಕೂತು ಅಮ್ಮನಿಗೆ ಹೇಳಿದರು, “ಒಬ್ಬನನ್ನು ಕೊಡು, ನಾನು ಓದಿಸುತ್ತೇನೆ. ಇಬ್ಬರನ್ನು ನನ್ನಿಂದ ಆಗುವುದಿಲ್ಲ.” ನಾನು ಬಾಗಿಲ ಹಿಂದೆ ನಿಂತಿದ್ದೆ. ಕ್ಲಾಸಿನಲ್ಲಿ ಮೊದಲಿಗನೂ ಆಗಿದ್ದೆ. ಅಮ್ಮ ಹೆಚ್ಚು ಯೋಚಿಸಲಿಲ್ಲ. “ದೊಡ್ಡವ ಇಲ್ಲಿರಲಿ, ಅವನಿಗೆ ಕೆಲಸ ಮಾಡ್ಲಿಕ್ಕೆ ಬರ್ತದೆ. ಸಣ್ಣವನನ್ನು ಕರಕೊಂಡು ಹೋಗು” ಎಂದರು. ಅವರು ಹೇಳಿದ್ದು ಸರಿಯೇ. ಐದು ವರ್ಷದವನಿಂದ ಎಂತ ಕೆಲಸ ಮಾಡಿಸಲು ಆಗುತ್ತದೆ? ಅದು ಸರಿ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತುಂಟು. ಆದರೆ “ದೊಡ್ಡವ ಇಲ್ಲಿರಲಿ” ಎಂಬ ಮಾತು ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತದ್ದು ಇಳಿಯಲೇ ಇಲ್ಲ.

ಅವನು ರಜೆಯಲ್ಲಿ ಬರುತ್ತಿದ್ದ. ಬರುವಾಗಲೆಲ್ಲ ಒಂದು ಹೊಸ ಸಂಗತಿ ತರುತ್ತಿದ್ದ. ಒಂದು ಸಲ ಇಂಗ್ಲಿಷ್ ಪದ್ಯ, ಒಂದು ಸಲ ಚಪ್ಪಲಿ, ಒಂದು ಸಲ ಶಾಯಿ ಪೆನ್ನು. ಅಮ್ಮ ಅವನಿಗೆ ಬಂಗುಡೆಯ ನಡುವಿನ ತುಂಡು ಬಡಿಸಿ ನನಗೆ ಬಾಲದ ಕಡೆಯದ್ದು ಹಾಕುತ್ತಿದ್ದರು. “ಅವ ಅಪರೂಪಕ್ಕೆ ಬರುವವ ಅಲ್ಲವಾ” ಎನ್ನುತ್ತಿದ್ದರು. ದಿನಾ ಮನೆಯಲ್ಲಿ ಇರುವವನಿಗೆ ದಿನಾ ಬಾಲದ ತುಂಡು ಎಂದು ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಅವನು ಒಳ್ಳೆಯವ. ಅದೇ ನನಗೆ ತಡೆಯಲಾಗದ ಸಂಗತಿಯಾಗಿತ್ತು. ಕೆಟ್ಟವನಾಗಿದ್ದರೆ ಜಗಳ ಮಾಡಿ ಮುಗಿಸಬಹುದಿತ್ತು.

ಅವನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ. ಮೂಡಬಿದ್ರೆಯ ಒಂದು ಜವಳಿ ಅಂಗಡಿಯಲ್ಲಿ ಸ್ವಲ್ಪ ಕಾಲ ಬರೆಯುವ ಕೆಲಸಕ್ಕಿದ್ದ. ಅಷ್ಟರಲ್ಲಿ ನಮ್ಮ ಧಣಿಗಳಿಗೆ ಬೆಳ್ತಂಗಡಿ ಕಡೆಯ ಬಸ್ಸುಗಳಲ್ಲಿ ಟಿಕೆಟ್ ಪರೀಕ್ಷೆ ಮಾಡಲು ಓದಿದವನೊಬ್ಬ ಬೇಕಾಗಿತ್ತು. “ನಿನ್ನ ತಮ್ಮ ಉಂಟಲ್ಲ, ಬರ್ತಾನಾ ಕೇಳು” ಎಂದರು. ನಾನು ಕೇಳಲಿಲ್ಲ. ಅವರು ಮೂರನೆಯ ಸಲ ನೆನಪು ಮಾಡಿದಾಗ ಮೂಡಬಿದ್ರೆಯ ಬಸ್ಸಿನಲ್ಲಿ ಹೇಳಿ ಕಳುಹಿಸಿದೆ. ಇದನ್ನೂ ಬರೆದಿಡಬೇಕು.

ಅವನು ಬಂದದ್ದು ಒಂದು ಡಿಸೆಂಬರಿನ ಬೆಳಿಗ್ಗೆ. ಬಿಳಿ ಅಂಗಿ, ಕಿಸೆಯಲ್ಲಿ ಆ ಪೆನ್ನು. ಮೆಟ್ಟಿಲು ಹತ್ತಿ ಬಂದವನನ್ನು ನೋಡಿ ಧಣಿಗಳು ಕುರ್ಚಿಯಿಂದ ಸ್ವಲ್ಪ ಎದ್ದ ಹಾಗೆ ಮಾಡಿ “ಬಲೆ, ಬಲೆ” ಎಂದರು. ನಮ್ಮ ತುಳುವಿನಲ್ಲಿ ಅದು ಗೌರವದ ಮಾತು, ಬನ್ನಿ ಎಂದ ಹಾಗೆ. ನನ್ನನ್ನು ಅವರು ಅಷ್ಟು ವರ್ಷವೂ ಕರೆದದ್ದು “ಬಲ” ಎಂದು, ನಾಯಿಗೆ ಕರೆದರೂ ಅದೇ. ಅದರಲ್ಲಿ ಕೋಪ ಇರಲಿಲ್ಲ, ಪ್ರೀತಿಯೇ ಇತ್ತು. ಆದರೆ ಅದೇ ಕೋಣೆಯಲ್ಲಿ, ನನ್ನ ತಮ್ಮನಿಗೆ, ಮೊದಲ ದಿನವೇ “ಬಲೆ” ಎಂದದ್ದು ಕೇಳಿ ನನ್ನ ಕಿವಿ ಬಿಸಿಯಾಯಿತು.

ಅವರು ಅವನ ಹತ್ತಿರ ಅರ್ಧ ಗಂಟೆ ಮಾತಾಡಿದರು. ನಾನು ಹಿಂದಿನ ದಿನದ ಕಲೆಕ್ಷನ್ನು ಕೂಡಿಸುತ್ತಿದ್ದೆ. ಅವನು ಮಾತು ಮುಗಿಸಿ ನನ್ನ ಮೇಜಿನ ಪಕ್ಕ ಬಂದು ನಿಂತು, ಪುಟವನ್ನು ತಲೆಕೆಳಗಾಗಿಯೇ ನೋಡಿ, ನಾನು ಇನ್ನೂ ಅರ್ಧದಲ್ಲಿರುವಾಗ ಮೊತ್ತ ಹೇಳಿಬಿಟ್ಟ. ನಾನು ಕೂಡಿಸಿ ಮುಗಿಸಿದಾಗ ಅದೇ ಬಂತು. ಧಣಿಗಳು ಮೇಜು ತಟ್ಟಿ ನಕ್ಕು, “ಎಂತ ಮಾರಾಯ, ನಿನ್ನ ಕುರ್ಚಿಯನ್ನು ಗಟ್ಟಿ ಹಿಡಿದುಕೋ!” ಎಂದರು.

ತಮಾಷೆಯ ಮಾತು. ನಾನೂ ನಕ್ಕೆ.

ಆಮೇಲೆ ಅವನ ಸಾಲು ಬರೆಯುವ ಕೆಲಸ. ಅವನು ತಾನಾಗಿಯೇ ಕಿಸೆಯಿಂದ ಮಡಚಿದ ಚೀಟಿ ತೆಗೆದು ಶಾಯಿ ಕುಡಿಕೆಯ ಹತ್ತಿರ ಇಟ್ಟ. “ಅಣ್ಣ, ಮೂಡಬಿದ್ರೆಯಲ್ಲಿ ಈ ಅರ್ಧ ವರ್ಷದ್ದು ಕಟ್ಟಿದ ರಶೀದಿ ಇದು. ಬೇಕಾಗ್ತದಾ?”

“ಅದೆಲ್ಲ ನನಗೆ ಗೊತ್ತುಂಟು. ನೀನು ನಿನ್ನ ಕೆಲಸ ನೋಡು, ಬೆಳ್ತಂಗಡಿ ಬಸ್ಸು ಹೊರಡುವ ಹೊತ್ತಾಯಿತು.”

“ಕೋಣೆ ಬೆಳ್ತಂಗಡಿಯಲ್ಲೇ ಸಿಕ್ಕಿದೆ. ಅದನ್ನೂ ಬರೆಯಬೇಕಾ?”

“ಹೋಗು ಮಾರಾಯ.”

ಅವನು ಇಳಿದು ಹೋದ. ನಾನು ಪುಟವನ್ನು ಒರೆಸಲಿಲ್ಲ. ಅವನ ಹೆಸರು, ಕೆಲಸ, ಸಂಬಳ ಬರೆದು ಎದುರು ‘ಬಂ’ ಎಂದು ಬರೆದೆ. ನಾನು ಬಂಟ್ವಾಳದವ, ಅವನೂ ಬಂಟ್ವಾಳದವ, ಅಮ್ಮನ ಮನೆ ಇಲ್ಲಿ. ಸಿಟ್ಟಿನಲ್ಲಿ ಕೈ ಅದನ್ನೇ ಬರೆಯಿತು. ಬರೆಯುವಾಗ ಅದು ತಪ್ಪು ಎಂದು ತಿಳಿದೇ ಬರೆದೆ ಎಂದು ಹೇಳಲಾರೆ. ಸುಳ್ಳು ಹೇಳಿ ನನ್ನನ್ನು ಇನ್ನಷ್ಟು ಕೆಟ್ಟವ ಮಾಡಿಕೊಂಡರೂ ಅದು ಸುಳ್ಳೇ. ಓದಿ ಹೇಳಲು ಅವನು ಎದುರು ಇರಲಿಲ್ಲ, ಹಾಗಾಗಿ ಗೀಟು ಹಾಕಲಿಲ್ಲ. ಸುಮಾರು ಒಂದು ಗಂಟೆ ಕಳೆದು ಶಾಯಿ ಕುಡಿಕೆ ಎತ್ತಿದಾಗ ರಶೀದಿ ಕಂಡಿತು. ಆಗ ತಿಳಿಯಿತು. ‘ಬೆ’ ಬರೆದು ಕೆಂಪು ಸುತ್ತು ಹಾಕಬೇಕಾಗಿತ್ತು. ತಿದ್ದಲು ಒಂದು ನಿಮಿಷ ಸಾಕು.

ತಿದ್ದಿದರೆ ತಿದ್ದಿದ್ದು ಕಾಣುತ್ತದೆ. ನನ್ನ ಪುಸ್ತಕದಲ್ಲಿ ತಿದ್ದಿದ ಸಾಲು ಒಂದೂ ಇರಲಿಲ್ಲ. ಮೊದಲನೆಯದು ಇವನಿಗಾಗಿ ಆಗಬೇಕಾ ಎಂದು ಅನ್ನಿಸಿತು. ನಾನು ರಶೀದಿಯನ್ನು ಡ್ರಾಯರಿನ ಒಳಗೆ, ಹಳೆಯ ಮುದ್ರೆಗಳ ಕೆಳಗೆ ಹಾಕಿದೆ. ನನ್ನ ತಪ್ಪು ಶುರುವಾದದ್ದು ಅಕ್ಷರ ಬರೆದಾಗ ಅಲ್ಲ, ಆ ಡ್ರಾಯರು ಮುಚ್ಚಿದಾಗ.

ಜನವರಿಯಲ್ಲಿ ಅವನ ಸಂಬಳದಿಂದ ಬಂಟ್ವಾಳಕ್ಕೆಂದು ತೆರಿಗೆ ಹಿಡಿದೆ. ಮೂಡಬಿದ್ರೆಯಲ್ಲಿ ಒಮ್ಮೆ ಕಟ್ಟಿದ್ದನ್ನು ಅವನು ಎರಡನೆಯ ಸಲ ಕಟ್ಟಿದ ಹಾಗಾಯಿತು. ಅವನು ಏನೂ ಕೇಳಲಿಲ್ಲ. ಅಣ್ಣ ಹಿಡಿದದ್ದು ಸರಿಯಾಗಿಯೇ ಇರುತ್ತದೆ ಎಂದು ಅವನ ನಂಬಿಕೆ. ಫೆಬ್ರವರಿಯಲ್ಲಿ ಅವನು ಬೆಳ್ತಂಗಡಿಯಿಂದ ಒಂದು ಕಾಗದ ತಂದ. ಅಲ್ಲಿನ ಬಿಲ್ ಕಲೆಕ್ಟರು ಕೋಣೆಗೆ ಬಂದು ಕೊಟ್ಟದ್ದು, ಅದೇ ಅರ್ಧ ವರ್ಷದ ತೆರಿಗೆ ಕಟ್ಟಿ ಎಂದು.

“ಅಣ್ಣ, ನನ್ನದು ಆಗಿದೆ ಅಲ್ಲವಾ?”

“ನೋಡುತ್ತೇನೆ, ಇಟ್ಟು ಹೋಗು.”

ಆ ಕಾಗದವೂ ಡ್ರಾಯರಿಗೆ ಹೋಯಿತು. ಎರಡನೆಯ ಕಾಗದವನ್ನು ಅವನು ಕಂಡಕ್ಟರನ ಕೈಯಲ್ಲಿ ಕಳುಹಿಸಿದ. ಅದೂ ಹೋಯಿತು. ಎರಡು ಸಲವೂ ನನಗೆ ಅವಕಾಶ ಇತ್ತು. ಒಂದು ಬೆಳಿಗ್ಗೆಯ ಬಸ್ಸಿನಲ್ಲಿ ರಶೀದಿ ಕಳುಹಿಸಿದರೆ ಮುಗಿಯುತ್ತಿತ್ತು. ಪ್ರತಿ ದಿನ ನಾಳೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಧಣಿಗಳು ಏನಾದರೂ ಹೇಳುತ್ತಿದ್ದರು: ನಿನ್ನ ತಮ್ಮ ಬಂದ ಮೇಲೆ ಬೆಳ್ತಂಗಡಿ ಕಡೆಯ ಕಲೆಕ್ಷನ್ನು ನೋಡು, ಆರು ತಿಂಗಳಾದ ಮೇಲೆ ಅವರನ್ನು ಖಾಯಂ ಮಾಡುವ, ಆಮೇಲೆ ಇಲ್ಲಿಗೇ ಕರೆಸಿಕೊಳ್ಳುವ. ಇಲ್ಲಿಗೆ ಎಂದರೆ ಎಲ್ಲಿ ಕೂರಿಸುತ್ತಾರೆ? ಆ ಕೋಣೆಯಲ್ಲಿ ಇದ್ದದ್ದು ಎರಡೇ ಮೇಜು. ನಾಳೆ ಮತ್ತೆ ನಾಳೆಯಾಯಿತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಬ್ಯಾರಿ ಡ್ರೈವರು ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮೇಲೆ ಎರಡು ಕೈ ಊರಿ ನಿಂತರು. ಅವರು ನಗುತ್ತಿರಲಿಲ್ಲ.

“ರೈಟರೇ, ನಿಮ್ಮ ತಮ್ಮನ ಸೈಕಲ್ಲು ಜಪ್ತಿಯಾಯಿತು.”

“ಎಲ್ಲಿ?”

“ಬೆಳ್ತಂಗಡಿ ಬಸ್ ನಿಲ್ಲುವಲ್ಲಿಯೇ. ಬಿಲ್ ಕಲೆಕ್ಟರು, ಅವರೊಟ್ಟಿಗೆ ಒಬ್ಬ ಪ್ಯೂನು. ನಿಮ್ಮ ತಮ್ಮ, ನಾನು ಕಟ್ಟಿದ್ದೇನೆ, ಅಣ್ಣನ ಹತ್ತಿರ ರಶೀದಿ ಉಂಟು ಅಂತ ಹೇಳ್ತಾ ಇದ್ದರು. ಅವರು, ಅಣ್ಣನ ಹತ್ತಿರ ಇದ್ದರೆ ಅಣ್ಣ ತರಲಿ ಅಂದರು. ಬೆಳಿಗ್ಗೆ ನಿಮ್ಮ ತಮ್ಮ ಒಬ್ಬ ಕಂಡಕ್ಟರನನ್ನು ಹಿಡಿದಿದ್ದರಲ್ಲ, ಎರಡು ಜನಕ್ಕೆ ಟಿಕೆಟ್ ಹರಿಯದ್ದಕ್ಕೆ. ಆ ಮನುಷ್ಯ ಬಸ್ಸಿನ ಮೆಟ್ಟಿಲಿನಿಂದ, ಬಸ್ಸು ನಿಲ್ಲಿಸಲಿಕ್ಕೆ ಕೂಗುವ ಹಾಗೆ ಬೊಬ್ಬೆ ಹೊಡೆದ, ‘ಹೋಲ್ಡಾನ್! ಚೆಕ್ಕಿಂಗಿನವರಿಗೇ ಟಿಕೆಟ್ ಇಲ್ಲ, ಇಳಿಸಿ!’ ಬಸ್ಸು ಇಡೀ ನಕ್ಕಿತು.” ಅವರು ಮೇಜಿನಿಂದ ಕೈ ತೆಗೆದು, “ರಶೀದಿ ಉಂಟಾ ನಿಮ್ಮ ಹತ್ತಿರ?” ಎಂದರು.

“ಹುಡುಕುತ್ತೇನೆ” ಎಂದೆ.

ನನಗೆ ಭಯವಾಯಿತು. ಆದರೆ ಬಸ್ಸು ಇಡೀ ನಕ್ಕಿತು ಎಂದು ಕೇಳಿದಾಗ, ಆ ಭಯದ ಕೆಳಗೆ, ತಂಪಾದ ಒಂದು ಸಣ್ಣ ಸಂತೋಷ ಇತ್ತು. ಅದು ಇತ್ತು. ಅದನ್ನು ಇಲ್ಲ ಎಂದು ಬರೆದರೆ ಇಷ್ಟು ಬರೆದದ್ದೂ ದಂಡ.

ಮರುದಿನ ತಮ್ಮ ಆಫೀಸಿಗೆ ಬಂದ. ಧಣಿಗಳಿಗೆ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಅವರು ಅವನನ್ನು ಕೂರಲು ಹೇಳಲಿಲ್ಲ. ನನ್ನ ಕಡೆ ತಿರುಗಿ, “ಪುಸ್ತಕ ತಾ” ಎಂದರು. ತಂದು ಮುಂದೆ ಇಟ್ಟೆ. ಅವನ ಸಾಲಿನ ಮೇಲೆ ಬೆರಳಿಟ್ಟರು. “ಇದೇನು, ಇವರಿಗೆ ಬಂಟ್ವಾಳ ಹಾಕಿದ್ದೀ?”

ಅದಕ್ಕೆ ಉತ್ತರವನ್ನು ನಾನು ಹಿಂದಿನ ದಿನವೇ ಕಟ್ಟಿಟ್ಟಿದ್ದೆ. “ರಶೀದಿ ನನ್ನ ಕೈಗೆ ಬಂದಿಲ್ಲ. ರಶೀದಿ ಇಲ್ಲದವರನ್ನು ಆಫೀಸಿನ ಊರಿಗೆ ಹಾಕಿದೆ.”

“ಕೊಟ್ಟಿದ್ದೆ ಅಣ್ಣ” ಎಂದ ತಮ್ಮ. “ಶಾಯಿಯ ಹತ್ತಿರ ಇಟ್ಟಿದ್ದೆ.”

“ಇಟ್ಟಿದ್ದರೆ ನನಗೆ ಕಾಣುತ್ತಿರಲಿಲ್ಲವಾ?”

ಅವನು ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟು ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಬಂದದ್ದು ಸಂಶಯ, ಅದೂ ಅವನಿಗೆ ಅವನ ಮೇಲೆಯೇ. “ಹಾಗಾದರೆ… ತೆಗೆದು ಪುನಃ ಕಿಸೆಗೆ ಹಾಕಿಕೊಂಡೆನೋ ಏನೋ” ಎಂದ. ನನ್ನ ಸಾಲು ತಪ್ಪುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವನು ಅವನೇ. ಅವನ ನೆನಪು ಒಂದು ಕಡೆ, ನನ್ನ ಮಾತು ಒಂದು ಕಡೆ ನಿಂತಾಗ ಅವನು ತನ್ನ ನೆನಪನ್ನು ಬಿಟ್ಟುಕೊಟ್ಟ.

ಆ ಭಾನುವಾರ ಅವನು ಮನೆಗೆ ಬಂದು ತನ್ನ ಟ್ರಂಕನ್ನು ಜಗಲಿಯಲ್ಲಿ ಸುರಿದ. ಅಂಗಿಗಳ ಕಿಸೆ, ಪುಸ್ತಕಗಳ ಹಾಳೆ, ಚಾಪೆಯ ಸುರುಳಿ, ಒಂದನ್ನೂ ಬಿಡಲಿಲ್ಲ. ಅಮ್ಮ ಅವನ ಪಕ್ಕ ಕೂತು ಪ್ರತಿ ಬಟ್ಟೆಯನ್ನೂ ಕೊಡವಿ ನೋಡಿದರು. ನಾನು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದೆ. ರಶೀದಿ ಎಲ್ಲಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವ ನಾನೊಬ್ಬನೇ. ಕೊನೆಗೆ ಅಮ್ಮ ಖಾಲಿ ಟ್ರಂಕನ್ನು ಬೋರಲು ಹಾಕಿ ಬಡಿದು, ಸೋತು, ಅವನನ್ನು ಬೈದರು.

“ಒಂದು ಚೀಟಿ ಇಟ್ಟುಕೊಳ್ಳಲಿಕ್ಕೆ ಬರುವುದಿಲ್ಲವಾ ನಿನಗೆ? ಅಷ್ಟು ಓದಿ ಎಂತ ಮಾಡಿದ್ದು? ನಿನ್ನ ಅಣ್ಣನನ್ನು ನೋಡಿ ಕಲಿ!”

ಹುಟ್ಟಿದ ಲಾಗಾಯ್ತು ನಾನು ಕಾಯುತ್ತಿದ್ದದ್ದು ಆ ಮಾತಿಗೆ. ಅದನ್ನು ಕೇಳಿದರೆ ಎದೆ ತುಂಬುತ್ತದೆ ಎಂದುಕೊಂಡಿದ್ದೆ. ತುಂಬಿತು ಕೂಡ, ಒಂದು ಕ್ಷಣ. ಆಮೇಲೆ ತಮ್ಮ ತಲೆ ಎತ್ತಿ, “ಹೌದಮ್ಮ, ಅಣ್ಣನ ಜಾಗ್ರತೆ ನನಗೆ ಬರಲಿಲ್ಲ” ಎಂದ. ಅವನು ಅದನ್ನು ಮನಸ್ಸಿನಿಂದಲೇ ಹೇಳಿದ. ನಾನು ಜಗಲಿ ಇಳಿದು ಹೊಳೆಯ ಬದಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮೀನಿನ ನಡುವಿನ ತುಂಡು ನನ್ನ ಬಟ್ಟಲಿನಲ್ಲಿತ್ತು. ತಿಂದೆ.

ಸೋಮವಾರ ಅವನು ಮೂಡಬಿದ್ರೆಗೆ ಹೋಗಿ ಅಲ್ಲಿಯ ಪುಸ್ತಕದಿಂದ ನಕಲು ಬರೆಸಿಕೊಂಡು ಬಂದ. ಬೆಳ್ತಂಗಡಿಯವರು ಅದನ್ನು ನೋಡಿ ಸೈಕಲ್ಲು ಬಿಟ್ಟುಕೊಟ್ಟರು. ನಮ್ಮಲ್ಲಿ ಹಿಡಿದದ್ದನ್ನೂ ಅವನಿಗೆ ತಿರುಗಿ ಕೊಟ್ಟೆವು. ಸಾಲನ್ನು ತಿದ್ದಿದೆ, ‘ಬೆ’ ಬರೆದು ಕೆಂಪು ಸುತ್ತು ಹಾಕಿದೆ. ತಿದ್ದಿದ್ದು ಎದ್ದು ಕಾಣುತ್ತಿತ್ತು. ಆದರೆ ಕೆಲಸ ಉಳಿಯಲಿಲ್ಲ. ಧಣಿಗಳಿಗೆ ಅವನು ಮೋಸ ಮಾಡಿದವ ಅಲ್ಲ ಎಂದು ತಿಳಿದಿತ್ತು. “ಮೋಸದ ಪ್ರಶ್ನೆ ಅಲ್ಲ. ತನ್ನ ಚೀಟಿ ಇಟ್ಟುಕೊಳ್ಳಲಿಕ್ಕೆ ಬಾರದವರು ಊರವರ ಚೀಟಿ ಕೇಳಲು ಹೋದರೆ ಬಸ್ಸಿನಲ್ಲಿ ಯಾರು ಕೊಡ್ತಾರೆ?” ಎಂದರು. ಅದೂ ನಿಜವೇ ಆಗಿತ್ತು. ಅವನು ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ಯಾರಾದರೂ “ಹೋಲ್ಡಾನ್” ಎನ್ನುತ್ತಿದ್ದರು. ಆರು ತಿಂಗಳು ತುಂಬುವ ಮೊದಲೇ ಅವನನ್ನು ಬಿಡಿಸಿದರು. ಅವನ ಹೆಸರನ್ನು ಸಂಬಳದ ಪುಸ್ತಕದಲ್ಲಿ ಹೊಡೆದು ಹಾಕಿದವನೂ ನಾನೇ.

ಅವನು ಕಕ್ಕಿಂಜೆಗೆ ಹೋದ. ಚಾರ್ಮಾಡಿ ಘಾಟಿಯ ಬುಡದಲ್ಲಿ ಮರದ ದಿಮ್ಮಿಗಳನ್ನು ಲೆಕ್ಕ ಇಡುವ ಕೆಲಸ ಸಿಕ್ಕಿತು. ಅವನ ಇಂಗ್ಲಿಷಿಗೂ ತಲೆಯಲ್ಲೇ ಕೂಡಿಸುವ ಜಾಣತನಕ್ಕೂ ಅಲ್ಲಿ ಕೇಳುವವರಿರಲಿಲ್ಲ. ಮೊದಲ ವರ್ಷ ಮಲೇರಿಯಾ ಜ್ವರದಲ್ಲಿ ಎರಡು ಸಲ ಮಲಗಿದ. ಆಮೇಲೆ ಅಲ್ಲಿಯೇ ಮದುವೆಯಾಗಿ ರಸ್ತೆ ಬದಿಯಲ್ಲಿ ಸಣ್ಣ ಮನೆ ಕಟ್ಟಿದ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಫಾರಮುಗಳು ಬದಲಾದವು, ತೆರಿಗೆಯ ಕ್ರಮವೂ ಬದಲಾಯಿತು. ನಾನು ಅದೇ ಕುರ್ಚಿಯಲ್ಲಿದ್ದೆ. ರಶೀದಿಯನ್ನು ಡ್ರಾಯರಿನಿಂದ ಮನೆಯ ಪೆಟ್ಟಿಗೆಗೆ ಸಾಗಿಸಿದ್ದೆ. ಹರಿದು ಹಾಕಲು ಕೈ ಬರಲಿಲ್ಲ. ಅಂದಿನಿಂದ ಹೊಸಬರ ಸಾಲು ಬರೆಯುವಾಗ ಹಿರಿಯ ರೈಟರಿಗಿಂತಲೂ ಹೆಚ್ಚು ಜಾಗ್ರತೆ ಮಾಡತೊಡಗಿದೆ. ಎದುರು ನಿಲ್ಲಿಸಿ, ಕೇಳಿ, ರಶೀದಿಯನ್ನು ಬೆಳಕಿಗೆ ಹಿಡಿದು ನೋಡಿ, ಓದಿ ಹೇಳಿ, ಹೌದು ಅನ್ನಿಸಿ, ಚೀಟಿಯನ್ನು ಅವರ ಕೈಗೇ ಕೊಟ್ಟು, “ಕಿಸೆಗೆ ಹಾಕಿದ್ದೀರಾ? ನನಗೆ ತೋರಿಸಿ” ಎನ್ನುತ್ತಿದ್ದೆ. ಹೊಸ ಗುಮಾಸ್ತರಿಗೆ, ಅವರ ಹತ್ತಿರ ಕಲಿಯಿರಿ ಎಂದು ಧಣಿಗಳು ನನ್ನನ್ನು ತೋರಿಸುತ್ತಿದ್ದರು. ನನ್ನ ಕೈಯಿಂದ ಇನ್ನೊಂದು ತಪ್ಪು ಅಕ್ಷರ ಬೀಳಲಿಲ್ಲ. ಹೊಗಳಿದಾಗಲೆಲ್ಲ ಮುಖ ತಗ್ಗಿಸುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

ಅಮ್ಮ ನನ್ನೊಟ್ಟಿಗೇ ಇದ್ದರು. ವರ್ಷಕ್ಕೊಮ್ಮೆ ಪೊಳಲಿಯ ಜಾತ್ರೆಗೆ ನನ್ನೊಟ್ಟಿಗೆ, ಒಮ್ಮೆ ಕಕ್ಕಿಂಜೆಗೆ ಒಬ್ಬರೇ ಹೋಗುತ್ತಿದ್ದರು. ನಾನು ಕಕ್ಕಿಂಜೆಗೆ ಹೋಗಲು ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅರವತ್ತರ ದಶಕದ ಕೊನೆಗೆ ಅಮ್ಮ ತೀರಿಕೊಂಡರು. ತಮ್ಮ ಬಂದು ಎಲ್ಲ ಕೆಲಸಕ್ಕೂ ನಿಂತ, ಬೊಜ್ಜದ ಉತ್ತರಕ್ರಿಯೆ ಮುಗಿಸಿ ಹೋದ. ಅವನು ಹೋದ ಎರಡನೆಯ ವಾರ ನಾನು ಪೆಟ್ಟಿಗೆ ತೆಗೆದು ರಶೀದಿ ಕಿಸೆಗೆ ಹಾಕಿಕೊಂಡೆ. ಒಂದು ಬಿಳಿ ಹಾಳೆಯಲ್ಲಿ ಅವನ ಸಾಲನ್ನು, ಅಂದು ಹೇಗೆ ಬರೆಯಬೇಕಾಗಿತ್ತೋ ಹಾಗೆ, ಕೆಂಪು ಸುತ್ತು ಸಮೇತ ಬರೆದೆ. ನನ್ನ ಓದಿಗೆ ಬೇರೆ ರೀತಿಯಲ್ಲಿ ಕ್ಷಮೆ ಕೇಳಲು ಬರುತ್ತಿರಲಿಲ್ಲ.

ಕಕ್ಕಿಂಜೆಯಲ್ಲಿ ಬಸ್ಸು ಇಳಿದಾಗ ಅವನು ರಸ್ತೆಯ ಆಚೆ ಹೋಟೆಲಿನ ಎದುರು ನಿಂತಿದ್ದ. ಯಾರೋ ಇಬ್ಬರು ಹಿರಿಯರು ಅವನ ಕೈಯಲ್ಲಿ ಅರ್ಜಿ ಓದಿಸುತ್ತಿದ್ದರು. ಹೋಟೆಲಿನವರು ಒಳಗಿನಿಂದ ಅವನಿಗೆ “ಬಲೆ, ಚಾ ಕುಡಿದು ಹೋಗಿ” ಎಂದರು. ಕಿಸೆಯಲ್ಲಿ ರಶೀದಿ ಇಟ್ಟುಕೊಂಡು, ಕ್ಷಮೆ ಕೇಳಲು ಹೋದ ಮನುಷ್ಯ ನಾನು. ಆ “ಬಲೆ” ಕೇಳಿ ನನ್ನ ಕಿವಿ ಮತ್ತೆ ಬಿಸಿಯಾಯಿತು. ಮನುಷ್ಯನಿಗೆ ಇಂಥದ್ದು ಎಷ್ಟು ವರ್ಷ ಇರುತ್ತದೆ ಎಂದು ನನಗೆ ಗೊತ್ತಿಲ್ಲ.

ಮನೆಯ ಜಗಲಿಯಲ್ಲಿ ಕೂತ ಮೇಲೆ ನಾನು ಹಾಳೆ ತೆಗೆದೆ. “ನಿನ್ನನ್ನು ಸೇರಿಸಿದ ದಿನ ಇದನ್ನು ನಿನಗೆ ಓದಿ ಹೇಳಲಿಲ್ಲ. ಈಗ ಓದುತ್ತೇನೆ” ಎಂದೆ. ಅವನ ಹೆಸರು, ಕೆಲಸ ಓದಿದೆ. “ಬಸ್ಸು ನಿಲ್ಲುವ ಊರು ಬೆಳ್ತಂಗಡಿ. ಈ ಅರ್ಧ ವರ್ಷದ ತೆರಿಗೆ ಮೂಡಬಿದ್ರೆಯಲ್ಲಿ ಕಟ್ಟಿದ್ದು ಉಂಟು. ರಶೀದಿ ನೋಡಿದ್ದೇನೆ.” ರಶೀದಿಯನ್ನು ಅವನ ಮುಂದೆ ಇಟ್ಟೆ.

ಅವನು ಅದನ್ನು ಎತ್ತಿ ಬಿಡಿಸಿ ನೋಡಿದ. ಮಡಿಕೆಯ ಗೆರೆಗಳು ಕಂದಾಗಿ ಹರಿಯುವಂತಾಗಿದ್ದವು.

“ಎಲ್ಲಿತ್ತು?”

“ನನ್ನ ಡ್ರಾಯರಿನಲ್ಲಿ.”

“ಅಮ್ಮ ನನ್ನ ಟ್ರಂಕು ಕೊಡವುವಾಗಲೂ?”

“ಆಗಲೂ.”

ಅವನು ಎದ್ದು ಒಳಗೆ ಹೋದ. ಅಣ್ಣನಿಗೆ ಊಟ ಹಾಕು ಎಂದು ಹೆಂಡತಿಗೆ ಹೇಳಿದ್ದು ಕೇಳಿಸಿತು. ತಿರುಗಿ ಬಂದು, ನಿಂತುಕೊಂಡೇ ಹೇಳಿದ, “ಕೆಲಸ ಹೋದದ್ದು ಹೋಯಿತು ಅಣ್ಣ. ಇಲ್ಲಿ ನನಗೆ ತೊಂದರೆ ಇಲ್ಲ. ಅಮ್ಮ ಕಡೆಯ ಸಲ ಬಂದಾಗ ಹೊರಡುವಾಗ ಇವಳಿಗೆ ಎಂತ ಹೇಳಿ ಹೋದರು ಗೊತ್ತುಂಟಾ? ಈ ಮನೆಯ ಪತ್ರವನ್ನು ನೀನೇ ಇಟ್ಟುಕೋ, ಅವನ ಕೈಯಲ್ಲಿ ಕೊಡಬೇಡ, ಅವ ಕಳೆಯುವವ ಅಂತ. ಇವಳು ಈಗಲೂ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಇಟ್ಟು ಬೀಗ ಹಾಕ್ತಾಳೆ.” ಸ್ವಲ್ಪ ನಕ್ಕ. ಆಮೇಲೆ ಹಾಳೆಯನ್ನು ಬೆರಳಿನಿಂದ ನನ್ನ ಕಡೆ ಸರಿಸಿದ. “ಇದನ್ನು ಓದಿ ಹೇಳಬೇಕಾದದ್ದು ನನಗಲ್ಲ. ಅಮ್ಮ ಇರುವಾಗ ತರಬೇಕಿತ್ತು.”

ಊಟ ಮಾಡಿದೆವು. ಅವನ ಹೆಂಡತಿಗೆ ಏನೂ ಗೊತ್ತಿರಲಿಲ್ಲ, ಅವಳು ನನಗೆ ಎರಡು ಸಲ ಒತ್ತಾಯ ಮಾಡಿ ಬಡಿಸಿದಳು. ಸಂಜೆಯ ಬಸ್ಸಿಗೆ ಅವನು ರಸ್ತೆಯವರೆಗೆ ಬಂದ. ರಶೀದಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡ. ಗುಂಡಿ ಸರಿಯಾಗಿ ಕೂತಿದೆಯಾ ಎಂದು ಕೈಯಿಂದ ಎರಡು ಸಲ ಮುಟ್ಟಿ ನೋಡಿಕೊಂಡ. ಕಳೆಯುವವ ಅಲ್ಲದ ಮನುಷ್ಯನಿಗೆ ಆ ಅಭ್ಯಾಸ ಹಿಡಿಸಿದವನು ನಾನು.

ನಾವು ಈಗಲೂ ಮದುವೆ ಮುಂಜಿಗಳಲ್ಲಿ ಸಿಗುತ್ತೇವೆ. ಅವನು ಅಣ್ಣ ಎಂದೇ ಕರೆಯುತ್ತಾನೆ, ಪಕ್ಕದಲ್ಲೇ ಊಟಕ್ಕೆ ಕೂರುತ್ತಾನೆ. ಆ ಹಾಳೆ ನನ್ನ ಹತ್ತಿರ ಇದೆ. ಓದಿ ಹೇಳಿದ್ದೇನೆ, ಅವನು ಕೇಳಿದ್ದಾನೆ, ಆದರೆ ಹೌದು ಎಂದಿಲ್ಲ. ಸಾಲಿನ ಕೊನೆಯಲ್ಲಿ ನಾನು ಗೀಟು ಹಾಕಿಲ್ಲ.